ಚೇಟ್ಟ ಹೇಳಿ ಇಟ್ಟದ್ದು

ಮುಂದೆ ಬರುವುದನ್ನು ಮನುಷ್ಯನಿಂದ ಮರೆಮಾಡಿ ಇಟ್ಟದ್ದೇ ಸೃಷ್ಟಿಯ ದೊಡ್ಡ ಕರುಣೆ ಎಂದು ತಿಳಿದವರು ಹೇಳುತ್ತಾರೆ. ಇಚಿಲಂಪಾಡಿಯಲ್ಲಿ ನಮ್ಮ ಮನೆಯವರಿಗೆ ಆ ಕರುಣೆ ಸಿಕ್ಕಿರಲಿಲ್ಲ. ನೆರೆಮನೆಯಲ್ಲಿ ಚೇಟ್ಟ ಇದ್ದರು.

ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ, ಬಾಗಿದ ಹಿಡಿಯ ಕಪ್ಪು ಕೊಡೆ ಬೆನ್ನಿನುದ್ದಕ್ಕೆ ಇಳಿದು, ನಡೆದಂತೆಲ್ಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯುತ್ತಿತ್ತು. ಮಾರ್ಚ್ ತಿಂಗಳ ಬಿಸಿಲಿನಲ್ಲೂ ಅವರು ಹಾಗೆಯೇ ಬರುವುದು. ಬೆರಳುಗಳಿಗೆ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವ ಆಸಿಡ್ಡಿನ ವಾಸನೆ ಅಂಟಿಬಿಟ್ಟಿತ್ತು. ಎಷ್ಟು ತೊಳೆದರೂ ಹೋಗದ ಕಾರಣ ಚಹಾದ ಲೋಟವನ್ನು ಮೂಗಿನಿಂದ ದೂರ ಹಿಡಿದುಕೊಂಡು, ಗುಟುಕಿಗೊಮ್ಮೆ ಕತ್ತು ಚಾಚಿ ಕುಡಿಯುತ್ತಿದ್ದರು. ಅವರ ಅಪ್ಪ ಕೇರಳದಿಂದ ಬಂದು ಇಲ್ಲಿ ರಬ್ಬರ್ ತೋಟ ಹಾಕಿದವರು. ಚೇಟ್ಟ ಎಂದರೆ ಮಲಯಾಳದಲ್ಲಿ ಅಣ್ಣ. ಅವರಿಗಿಂತ ಹಿರಿಯರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು.

ನಾನು ಅಂಚೆ ಕಚೇರಿಯಲ್ಲಿ ಇದ್ದಷ್ಟು ವರ್ಷವೂ ಅವರು ವಾರಕ್ಕೆ ಎರಡು ಬಾರಿ ಕೌಂಟರಿನ ಮುಂದೆ ನಿಂತು ಅನಾಹುತಗಳನ್ನು ವಿತರಿಸುತ್ತಿದ್ದರು. ಈ ವರ್ಷ ಸೇತುವೆ ಹೋಗುತ್ತದೆ. ಶಾಲೆಯ ಹೆಂಚಿನ ಮಾಡು ಕುಸಿಯುತ್ತದೆ. ಬಾವಿಯ ನೀರು ಹಳದಿಯಾಗುತ್ತದೆ. ಪ್ರತಿಯೊಂದಕ್ಕೂ ಕೊನೆಯಲ್ಲಿ ಒಂದು ಮೊಹರು: "ನಾನು ಹೇಳಿ ಇಡುದು ಮಾತ್ರ, ಪೋಸ್ಟ್ ಮಾಸ್ಟ್ರೇ." ಹೇಳಿದ್ದು ನಡೆಯದಿದ್ದರೆ ಅವರಿಗೆ ನಾಚಿಕೆಯೇನೂ ಇರಲಿಲ್ಲ. "ಈ ಸಲ ತಪ್ಪಿತು" ಎನ್ನುತ್ತಿದ್ದರು, ಕೇಡಿಗೆ ಬಸ್ಸು ತಪ್ಪಿದ ಹಾಗೆ.

ನಮ್ಮ ಮಗಳ ಮದುವೆಯ ಹಿಂದಿನ ದಿನ ಅಂಗಳದ ಶಾಮಿಯಾನಕ್ಕೆ ಒಂದು ಸುತ್ತು ಬಂದು, "ಇದು ನಿಲ್ಲುದಿಲ್ಲ" ಎಂದು ತೀರ್ಪು ಕೊಟ್ಟರು. ಶಾಮಿಯಾನದವನು ಮುಖ ಗಂಟಿಕ್ಕಿದ. ಮರುದಿನ ಅದು ನಿಂತಿತು. ಸಂಜೆ ಬಿಚ್ಚುವಾಗ ಅದೇ ಶಾಮಿಯಾನದವನು ನನ್ನನ್ನು ಕರೆದು, ನಾಲ್ಕು ಮೂಲೆಗಳಿಂದ ಹಲಸಿನ ಮರಕ್ಕೂ ಬಾವಿಯ ಕಂಬಕ್ಕೂ ಎಳೆದು ಕಟ್ಟಿದ ಹೆಚ್ಚಿನ ಹಗ್ಗಗಳನ್ನು ತೋರಿಸಿದ. "ಇದು ನಮ್ಮ ಹಗ್ಗ ಅಲ್ಲ ಮಾರಾಯ್ರೆ." ಹಗ್ಗಕ್ಕೆ ರಬ್ಬರ್ ಆಸಿಡ್ಡಿನ ವಾಸನೆ ಇತ್ತು. ಹಗ್ಗ ಯಾರದ್ದೆಂದು ನಾನು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಚೇಟ್ಟರ ಹೆಸರು ಕೆಡುತ್ತಿತ್ತು.

ಮದುವೆಯಾದ ಮಗಳು ಗಂಡನೊಂದಿಗೆ ಒಮಾನಿನ ಸಲಾಲಾದಲ್ಲಿ ಇದ್ದಳು. ಅಳಿಯ ಅಲ್ಲಿ ದೊಡ್ಡ ಅಂಗಡಿಯೊಂದರ ಗೋದಾಮು ನೋಡಿಕೊಳ್ಳುವವನು. ಒಂದು ಮೇ ತಿಂಗಳು ಅವಳಿಗೆ ದಿನ ತುಂಬಿತು. ಬಾಣಂತನಕ್ಕೆ ನನ್ನ ಹೆಂಡತಿ ಹೊರಟಳು. ಲೇಹ್ಯ, ಎಣ್ಣೆ, ಕಷಾಯದ ಪುಡಿ, ಮಗುವಿಗೆ ಸುತ್ತಲು ನನ್ನ ಹಳೆಯ ಪಂಚೆಗಳು, ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿ, ಅದಕ್ಕೆ ಹಗ್ಗ ಬಿಗಿದು, ಚೇಟ್ಟ ರಬ್ಬರ್ ಶೀಟು ತೂಗುವ ತಕ್ಕಡಿಯಲ್ಲಿ ತೂಗಿಸಿ ತಂದಳು. ಚೇಟ್ಟ ಸೂಟ್‌ಕೇಸನ್ನು ಒಮ್ಮೆ ಅಲುಗಿಸಿ ನೋಡಿದರು.

"ಎಣ್ಣೆ ಬಾಟ್ಲಿ ಒಡೀತದೆ ಅಕ್ಕ. ಹೇಳಿ ಇಟ್ಟದ್ದು ಮಾತ್ರ."

ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂದು ಗೊತ್ತಾದದ್ದು ಆ ಸಂಜೆ. ಅದು ನಮ್ಮ ಕಡೆಗೆ ಬೆನ್ನು ಹಾಕಿ, ನೇರ ಸಲಾಲಾದ ಕಡೆಗೆ ಹೊರಟಿತ್ತು. ಮರುದಿನ ವಿಮಾನ ರದ್ದಾಯಿತು.

ಆಮೇಲಿನ ಮೂರು ದಿನ ನಾವು ಬದುಕಿದ್ದು ಹಜಾರದಲ್ಲಿ. ನಮ್ಮ ಊರಿನಲ್ಲಿ ಒಂದು ಹನಿ ಮಳೆ ಇರಲಿಲ್ಲ. ಅಂಗಳದ ಬಿಸಿಲಿಗೆ ಬಟ್ಟೆ ಒಂದು ಗಂಟೆಯಲ್ಲಿ ಒಣಗುತ್ತಿತ್ತು. ಆದರೂ ಹೊರಗೆ ಕಾಲಿಡಲು ಇಬ್ಬರಿಗೂ ಧೈರ್ಯವಿಲ್ಲ. ನಾವು ಕಣ್ಣು ತೆಗೆದರೆ ಆ ಗಾಳಿ ಏನಾದರೂ ಮಾಡಿಬಿಡುತ್ತದೆ ಎಂಬಂತೆ. ಸೂಟ್‌ಕೇಸು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿತ್ತು. ಕಟ್ಟಿದ್ದನ್ನು ಬಿಚ್ಚಿದರೆ ಅಪಶಕುನ ಎಂದು ಹೆಂಡತಿ ಹಟ ಹಿಡಿದಳು. ಮನೆಯ ಕಾಫಿಪುಡಿಯೆಲ್ಲ ಅದರೊಳಗಿತ್ತು. ಅವಳ ಕನ್ನಡಕವೂ ಅದರಲ್ಲೇ. ಹೀಗೆ ಕಾಫಿಯಿಲ್ಲದ ನಾನೂ ಕಣ್ಣು ಸರಿ ಕಾಣದ ಅವಳೂ ಟಿವಿಯ ಮುಂದೆ ಕೂತು ಲೋಕದ ವಿದ್ಯಮಾನಗಳನ್ನು ಪರಾಂಬರಿಸಿದೆವು. ಕರೆಂಟು ಹೋದಾಗಲೂ ಏಳುತ್ತಿರಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತಿದ್ದೆವು.

ಕನ್ನಡದ ಚಾನೆಲ್‌ಗಳಲ್ಲಿ ಮಂಗಳೂರಿನ ಕಡಲ ತೀರ ತೋರಿಸಿ, ನಮಗೆ ಅಪಾಯವಿಲ್ಲ ಎಂದು ಹೇಳಿ ಮುಗಿಸುತ್ತಿದ್ದರು. ಗಲ್ಫಿನ ಸುದ್ದಿ ಗಂಟೆಗಟ್ಟಲೆ ಬರುತ್ತಿದ್ದದ್ದು ಮಲಯಾಳದ ಚಾನೆಲಿನಲ್ಲಿ. ನನಗೆ ಮಲಯಾಳ ಲಕೋಟೆಯ ಮೇಲಿನ ವಿಳಾಸ ಓದುವಷ್ಟು ಬರುತ್ತದೆ, ಹೆಂಡತಿಗೆ ಅಷ್ಟೂ ಇಲ್ಲ. ಆದ್ದರಿಂದ ಬೆಳಗಿನ ಕೆಲಸ ಮುಗಿಸಿ ಚೇಟ್ಟ ಬಂದು ಕೂರುತ್ತಿದ್ದರು. ಮೊದಲ ದಿನ ಟಿವಿಯವನು ಒಂದು ಹೇಳಿದರೆ ಇವರು ಎರಡು ಸೇರಿಸಿದರು. ಹೆಂಡತಿ, "ನಿಮ್ಮ ಬಾಯಲ್ಲಿ ಒಳ್ಳೇದು ಬರುದೇ ಇಲ್ಲವಾ ಚೇಟ್ಟ?" ಎಂದು ಗದರಿದಳು. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ಮಗಳು ಫೋನ್ ಮಾಡಿದಳು. ಅವರದ್ದು ಕಟ್ಟಡದ ನೆಲಮಟ್ಟದ ಮನೆ. ನೀರು ಬರುತ್ತದೆಂದು ಎಲ್ಲರನ್ನೂ ಎರಡನೆಯ ಮಾಳಿಗೆಗೆ ಹತ್ತಿಸಿದ್ದಾರೆ. ಯಾರದ್ದೋ ಕೋಣೆಯಲ್ಲಿ ಇದ್ದೇವೆ. ರಸ್ತೆ ಬಂದ್ ಆಗಿದೆ. "ಅಮ್ಮ, ಸೊಂಟ ಸ್ವಲ್ಪ ನೋಯ್ತಾ ಉಂಟು" ಎನ್ನುವಾಗ ಫೋನ್ ಕಡಿಯಿತು. ಮತ್ತೆ ಸಿಗಲಿಲ್ಲ.

ಹೆಂಡತಿ ಅಲಸಂಡೆ ಹೆಚ್ಚುತ್ತ ಟಿವಿಯ ಮುಂದೆ ಕೂತಳು. ಪರದೆಯಲ್ಲಿ ಕಾರುಗಳು ಬೀದಿಯಲ್ಲಿ ತೇಲುತ್ತಿದ್ದವು. ಟಿವಿಯವನು ಏನೋ ವೇಗವಾಗಿ ಹೇಳಿದ. ಚೇಟ್ಟ ಚಹಾದ ಲೋಟವನ್ನು ಕೆಳಗಿಟ್ಟರು.

"ಎಂತ ಹೇಳ್ತಾನೆ ಅವ?"

"ಎಂತ ಇಲ್ಲ ಅಕ್ಕ. ನೀವು ಹೆದರುದು ಬೇಡ. ಎಂತ ಆಗುದಿಲ್ಲ."

ಹೆಂಡತಿಯ ಕೈಯಲ್ಲಿದ್ದ ಚೂರಿ ನಿಂತಿತು. ಅವಳು ಎದ್ದು ಹೋಗಿ ಸೂಟ್‌ಕೇಸಿನ ಮೇಲೆ ಕೂತಳು. "ಕೇಳಿದಿರಲ್ಲ ನೀವು?" ಎಂದಳು ನನಗೆ, ಬಹಳ ಸಣ್ಣ ದನಿಯಲ್ಲಿ. "ಚೇಟ್ಟ ಎಂತ ಆಗುದಿಲ್ಲ ಅಂದ್ರು."

ನಾನು ಚೇಟ್ಟರನ್ನು ಅಂಗಳಕ್ಕೆ ಕರೆದೊಯ್ದೆ.

"ಎಂತ ಮಾರಾಯ್ರೆ ನೀವು ಮಾಡಿದ್ದು?"

"ಎಂತ ಮಾಡಿದೆ? ಸಮಾಧಾನ ಹೇಳಿದೆ."

"ಅದೇ ತೊಂದರೆ ಆದದ್ದು. ಟಿವಿಯಲ್ಲಿ ಎಂತ ಬಂತು?"

ಅವರು ಒಣಗಿದ ಬಟ್ಟೆಗಳನ್ನು ನೋಡಿದರು. "ಒಂದು ಆಸ್ಪತ್ರೆಯ ಒಳಗೆ ನೀರು ನುಗ್ಗಿದೆ ಅಂತ. ಯಾವುದು ಅಂತ ಹೇಳ್ಲಿಲ್ಲ."

ತಂತಿ ಇದ್ದ ಕಾಲದಲ್ಲಿ ನಾನು ಎಷ್ಟೋ ಮನೆಗಳಿಗೆ ಕೆಟ್ಟ ತಂತಿ ಕಳುಹಿಸಿದವನು. ಸ್ವೀಕರಿಸುವ ಅಭ್ಯಾಸ ಇರಲಿಲ್ಲ. ಬಟ್ಟೆಯ ಹಗ್ಗ ಹಿಡಿದುಕೊಂಡೆ.

"ಚೇಟ್ಟ, ಒಳಗೆ ಹೋಗಿ ಏನಾದರೂ ಕೆಟ್ಟದ್ದು ಹೇಳಿ."

"ಎಷ್ಟು ಕೆಟ್ಟದ್ದು?"

"ಮನುಷ್ಯರು ಬೇಡ. ಸಾಮಾನು ಸಾಕು."

ಅವರು ಕೊಡೆಯನ್ನು ಕಾಲರಿನಲ್ಲಿ ಸರಿಪಡಿಸಿಕೊಂಡು, ಗಂಟಲು ಕೆರೆದು, ಒಳಗೆ ನಡೆದರು.

"ಅಕ್ಕ, ಮಗಳ ಮನೆಯಲ್ಲಿ ಸೋಫಾ ಉಂಟಲ್ಲ? ಅದು ಹೋಯ್ತು."

ಹೆಂಡತಿ ತಲೆ ಎತ್ತಿದಳು.

"ಫ್ರಿಜ್ಜೂ ಹೋಯ್ತು. ಕರೆಂಟು ಎಂಟು ದಿನಕ್ಕೆ ಬರ್ಲಿಕ್ಕಿಲ್ಲ. ಅಳಿಯ ಕಾರು ಎಲ್ಲಿ ನಿಲ್ಸುದು?"

"ಬಿಲ್ಡಿಂಗಿನ ಅಡಿಯಲ್ಲಿ."

"ಹಾಗಾದ್ರೆ ಕಾರಿನ ಆಸೆ ಬಿಡಿ. ನಾನು ಹೇಳಿ ಇಡುದು ಮಾತ್ರ."

"ಹೊಸ ಕಾರು ಚೇಟ್ಟ! ಸೀಟಿನ ಪ್ಲಾಸ್ಟಿಕ್ ಸಹ ತೆಗೀಲಿಲ್ಲ."

"ಇನ್ನು ತೆಗೆಯುವ ಕೆಲಸ ಇಲ್ಲ."

"ನೀವು ಎದ್ದು ನಿಮ್ಮ ಮನೆಗೆ ಹೋಗಿ ಮಾರಾಯ್ರೆ, ಕೂತಲ್ಲೇ ಹಾಳು ಮಾತು!" ಎಂದು ಹೆಂಡತಿ ಸೂಟ್‌ಕೇಸಿನಿಂದ ಇಳಿದು ಬಂದು ಅಲಸಂಡೆಯ ತಟ್ಟೆ ಎಳೆದುಕೊಂಡಳು. ಚೇಟ್ಟ ಹೋಗಲಿಲ್ಲ. ಆ ದಿನ, ಮರುದಿನ, ಕಿಟಕಿಯ ಗಾಜು, ವಾಷಿಂಗ್ ಮೆಷಿನ್ನು, ಅಕ್ಕಿಯ ಡಬ್ಬ ಎಂದು ಒಂದೊಂದಾಗಿ ಕಳೆಯುತ್ತ ಹೋದರು. ಅವಳು ಒಂದೊಂದಕ್ಕೂ ಬೈದಳು. ಬೈಗುಳದ ನಡುವೆ ಎರಡು ಹೊತ್ತು ಗಂಜಿಯೂ ಉಂಡಳು.

ಮೂರನೆಯ ದಿನ ಮಧ್ಯಾಹ್ನ ಅಳಿಯನ ಫೋನ್ ಬಂತು. ಹೆಣ್ಣು ಮಗು. ಇಬ್ಬರೂ ಸೌಖ್ಯ. ಆಸ್ಪತ್ರೆಗೆ ಹೋಗಲು ದಾರಿ ಇರಲಿಲ್ಲ; ಅದೇ ಮಾಳಿಗೆಯಲ್ಲಿ ಕೇರಳದ ನರ್ಸ್ ಒಬ್ಬಳಿದ್ದಳಂತೆ. ಸೋಫಾ, ಫ್ರಿಜ್ಜು, ಕಾರು ಎಲ್ಲ ಹೋಗಿತ್ತು. ಹೇಳಿದ್ದೆಲ್ಲ ಒಟ್ಟಿಗೆ ಸತ್ಯವಾದದ್ದು ಚೇಟ್ಟರ ಜೀವಮಾನದಲ್ಲಿ ಅದೊಂದೇ ಸಲ. ಅವರು ತಪ್ಪಿತಸ್ಥನ ಹಾಗೆ ನಿಂತು, "ಸೋಫಾ ನಾನು ಸುಮ್ಮನೆ ಹೇಳಿದ್ದು ಅಕ್ಕ" ಎಂದರು.

ಹೆಂಡತಿ ಮುಂದಿನ ವಾರ ಹೋದಳು. ಎಣ್ಣೆ ಬಾಟ್ಲಿ ಒಡೆದಿತ್ತು. ಮರಳಿ ಬಂದ ಮೇಲೆ ಒಂದು ದಿನ ನಾನು ಅಂಗಳದ ಗುಟ್ಟನ್ನು ದೊಡ್ಡದಾಗಿ ಬಿಚ್ಚಿದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಕಿಟಕಿ ತೆರೆದಿತ್ತಲ್ಲ. ಇಬ್ಬರು ಮುದುಕರು ಎಷ್ಟು ಕೆಟ್ಟದ್ದು ಹೇಳುದು ಅಂತ ಪಂಚಾತಿಕೆ ಮಾಡಿದ್ದು ನನಗೆ ಕೇಳ್ತಿತ್ತು."

"ಮತ್ತೆ ಯಾಕೆ ನಂಬಿದ್ದು?"

"ನಂಬಿದೆ ಅಂತ ಯಾರು ಹೇಳಿದ್ದು? ಪಾಪ, ಅವರು ಬೈಸಿಕೊಳ್ಳಲಿಕ್ಕೆ ಅಂತ ಕೂತಿದ್ರು. ಬೈದೆ."

ಎರಡು ವರ್ಷದ ನಂತರ ಚೇಟ್ಟ ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಮಲಗಿದರು. ಕೊಡೆ ಮಂಚದ ಕಬ್ಬಿಣಕ್ಕೆ ನೇತಾಡುತ್ತಿತ್ತು. ಆಸ್ಪತ್ರೆಯ ಸಾಬೂನಿಗೆ ಅವರ ಬೆರಳಿನ ವಾಸನೆ ಹೋಗಿಬಿಟ್ಟಿತ್ತು. ಡಾಕ್ಟರು, ಔಷಧಿ, ಮಾಡಿನ ಫ್ಯಾನು, ಎಲ್ಲದರ ಭವಿಷ್ಯ ಕೇಳಲು ಸಿದ್ಧನಾಗಿ ನಾನು ಸ್ಟೂಲು ಎಳೆದುಕೊಂಡೆ.

"ಹೇಗುಂಟು ಚೇಟ್ಟ?"

"ಎಂತ ಆಗುದಿಲ್ಲ, ಪೋಸ್ಟ್ ಮಾಸ್ಟ್ರೇ."

ನಾನು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದೆ. ಕಿಟಕಿಯ ಹೊರಗೆ ಬಸ್ಸುಗಳು ಹೋಗುತ್ತಿದ್ದವು. ಕೊನೆಗೆ, "ಸಾಮಾನು ಏನಾದರೂ ಹೇಳಿ ಚೇಟ್ಟ" ಎಂದೆ.

ಅವರು ಫ್ಯಾನು ನೋಡಿದರು, ಕಿಟಕಿ ನೋಡಿದರು. ಆಮೇಲೆ ಕಣ್ಣಿನಲ್ಲೇ ಕೊಡೆ ತೋರಿಸಿದರು.

"ಅದು ಕೊಂಡುಹೋಗಿ. ನಿಮ್ಮ ಕೈಯಲ್ಲಿ ಒಂದು ಮಳೆಗಾಲ ಬಾಳುದಿಲ್ಲ. ಹೇಳಿ ಇಟ್ಟದ್ದು ಮಾತ್ರ."

ಮೂರನೆಯ ದಿನ ಬೆಳಿಗ್ಗೆ ಅವರು ತೀರಿಕೊಂಡರು. ಕೊಡೆಯ ಎರಡು ಕಡ್ಡಿ ಜುಲೈಯಲ್ಲಿ ಮುರಿದವು.