ರಕ್ತ ಬಾರದೆ ಮುರಿದ ಕಾಲು

ನನ್ನ ಗಂಡ ಸತ್ತದ್ದು ಕಾಲಿನಿಂದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎದೆ ನಿಂತು ಸತ್ತರು. ಆದರೆ ಅವರ ಎದೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ, ಕಾಲಿನ ವಿಷಯ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಸಾವಿಗೆ ಬಂದವರು ಕಾಲಿನಿಂದಲೇ ಸತ್ತರೆಂದು ಹೇಳಿಕೊಂಡು ಹೋದರು.

ಬರೆಯುವಾಗ ಹೆಸರು ಹೇಳಬೇಕಾಗುತ್ತದೆ. ತಿಮ್ಮಪ್ಪ. ಕುಂಬಳೆ ಕಡೆಯವರು. ಕೊಚ್ಚಿಯ ಕಾಕ್ಕನಾಡಿನಲ್ಲಿ ಶಂಕರನಾರಾಯಣ ರಾಯರ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಐಟಿ ಪಾರ್ಕಿನ ಕನ್ನಡದ ಹುಡುಗರೆಲ್ಲ ಅಲ್ಲಿಗೇ ಬರುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾವಲಿಯ ಮುಂದೆ ನಿಂತ ಕೆಲಸ. ಕೂತು ದೋಸೆ ಹೊಯ್ಯುವವರನ್ನು ನಾನು ಎಲ್ಲಿಯೂ ನೋಡಿಲ್ಲ.

೨೦೦೪ರ ವಿಷುವಿಗೆ ಮೊದಲು ರಾಯರು ತಿರುವನಂತಪುರದಲ್ಲಿ ಇನ್ನೊಂದು ಹೋಟೆಲು ಹಾಕಿದರು. ಕಾವಲಿ ಪಳಗಿಸಲಿಕ್ಕೆ ಇವರನ್ನು ಕಳಿಸಿದರು. ಅಲ್ಲಿಯ ಅಡುಗೆ ಕೋಣೆಯ ನೀರು ಹೋಗುವ ಗುಂಡಿಗೆ ಮುಚ್ಚಳ ಇರಲಿಲ್ಲ. ಹೊಸ ಹೋಟೆಲು, ಬೋರ್ಡಿಗೆ ದೀಪ ಹಾಕಿದ್ದರು, ಗುಂಡಿಗೆ ಮುಚ್ಚಳ ಹಾಕಿರಲಿಲ್ಲ. ಇವರ ಪಾದ ಅದರಲ್ಲಿ ಸಿಕ್ಕಿತು, ಮೈ ತಿರುಗಿತು. ಮೊಣಕಾಲ ಕೆಳಗೆ ಕಟಕ್ ಎಂದಿತಂತೆ.

ರಕ್ತ ಬರಲಿಲ್ಲ. ಅದೇ ತಪ್ಪಾದದ್ದು. ಒಂದು ಹನಿ ರಕ್ತ ಬಂದಿದ್ದರೆ ಎಲ್ಲರೂ ಹೆದರುತ್ತಿದ್ದರು, ಆಸ್ಪತ್ರೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಚರ್ಮ ನೆಟ್ಟಗಿದೆ, ಹಾಗಾದರೆ ಮೂಳೆಯೂ ನೆಟ್ಟಗಿದೆ ಎಂದು ತೀರ್ಮಾನಿಸಿದರು. ಸಾಂಬಾರಿನ ಅಡುಗೆಯವನಿಗೆ ಎಣ್ಣೆ ಹಾಕಿ ಉಜ್ಜುವುದು ಗೊತ್ತಿತ್ತಂತೆ. ಅವನು ಎಣ್ಣೆ ಬಿಸಿ ಮಾಡಿದ. ಉಜ್ಜಿದ. ಎಳೆದ. ಇವರು ಕೂಗಿದರು. ಕೂಗಿದರೆ ನರ ಬಿಡುತ್ತಾ ಉಂಟು ಎಂದು ಮತ್ತೂ ಎಳೆದ. ನಂತರ ರೈಲು ಹತ್ತಿಸಿದರು.

ಎರ್ನಾಕುಲಂ ಸ್ಟೇಷನ್ನಿನಲ್ಲಿ ಇಳಿಸುವಾಗ ಕಾಲು ಕುಂಬಳಕಾಯಿ ಆಗಿತ್ತು. ಎಣ್ಣೆ ಹಚ್ಚಿದ ಕುಂಬಳಕಾಯಿ.

ಆಸ್ಪತ್ರೆಯಲ್ಲಿ ಡಾಕ್ಟರು ಮೇರಿ ಎಂಬವರು. ಫೋಟೋ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಉದ್ದ ಮೂಳೆ ಓರೆಯಾಗಿ ಸೀಳಿತ್ತು.

"ಯಾರು ಉಜ್ಜಿದ್ದು?" ಎಂದು ಮಲಯಾಳದಲ್ಲಿ ಕೇಳಿದರು.

"ಸಾಂಬಾರಿನವ" ಎಂದರು ಇವರು.

ಡಾಕ್ಟರು ಫೋಟೋ ಕೆಳಗಿಟ್ಟರು. "ಚೇಟ್ಟಾ, ನಿಮ್ಮ ಅದೃಷ್ಟ, ಚರ್ಮ ಹರಿದಿಲ್ಲ. ಆಪರೇಷನ್ ಬೇಡ" ಎಂದರು. ಮೂಳೆ ನೇರ ಮಾಡಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಕಾಲು ದಿಂಬಿನ ಮೇಲೆ ಎತ್ತಿ ಇಡಬೇಕು, ಬೆರಳು ಆಡಿಸುತ್ತಾ ಇರಬೇಕು, ಬೆರಳು ನೀಲಿಯಾದರೆ ಓಡಿ ಬರಬೇಕು.

ಜನ ಬರಲಿಕ್ಕೆ ಶುರುವಾಯಿತು. ಬಂದವರಿಗೆಲ್ಲ ಇವರು ಬೆರಳು ಆಡಿಸಿ ತೋರಿಸುತ್ತಿದ್ದರು. ಹೋಟೆಲಿಗೆ ಬರುತ್ತಿದ್ದ ಹುಡುಗರು ಪ್ಲಾಸ್ಟರಿನ ಮೇಲೆ ಪೆನ್ನಿನಲ್ಲಿ ಬರೆದರು. ಶುಭವಾಗಲಿ ಎಂದು ಬರೆದಾರು ಎಂದುಕೊಂಡಿದ್ದೆ. ಸಮರ್ಥ್ ಎಂಬ ಹುಡುಗ 'ಮಸಾಲೆ ಒಂದು, ಗರಿಗರಿ' ಎಂದು ಬರೆದ. ಉಳಿದವರು ಅದರ ಕೆಳಗೆ ಅವರವರ ಆರ್ಡರು ಬರೆದರು.

ಎಲ್ಲರಿಗಿಂತ ಹೆಚ್ಚು ಬಂದವರು ಧರಣೇಂದ್ರರು. ಕಾರ್ಕಳದವರು, ಅಂಬಲಮುಗಳಿನ ಕಂಪನಿಯಲ್ಲಿ ಗೋದಾಮು ನೋಡುತ್ತಿದ್ದರು, ನಮ್ಮ ಸಾಲಿನ ಕೊನೆಯ ಮನೆ. ಬರುವಾಗ ಹಾರ್ಲಿಕ್ಸ್ ತರುತ್ತಿದ್ದರು, ಕುಡಿಯುವುದು ನಮ್ಮ ಚಹಾ. ಅವರ ಸೋದರಮಾವನ ಕಾಲೂ ಹಿಂದೆ ಮುರಿದಿತ್ತಂತೆ. ಆ ಮಾವನ ಕಾಲು ನಮ್ಮ ಮನೆಗೆ ದಿನಾ ಬರುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಡಾಕ್ಟರು ಉದ್ದ ಪ್ಲಾಸ್ಟರ್ ಕತ್ತರಿಸಿ ಮೊಣಕಾಲ ಕೆಳಗೆ ಗಿಡ್ಡದ್ದು ಹಾಕಿದರು. "ಇನ್ನು ಊರುಗೋಲು ಹಿಡಿದು ನಡೆಯಿರಿ. ಭಾರ ಹಾಕಿ. ಭಾರ ಬಿದ್ದರೆ ಮೂಳೆ ಬೇಗ ಕೂಡುತ್ತದೆ."

ಮನೆಗೆ ಬಂದರೆ ಜಗಲಿಯಲ್ಲಿ ಧರಣೇಂದ್ರರು.

"ನಡೆಯುದಾ? ಮುರಿದ ಕಾಲಲ್ಲಿ? ಎಂತ ಡಾಕ್ಟರಪ್ಪಾ ಇವರು! ನಮ್ಮ ಮಾವ ಆರು ತಿಂಗಳು ನೆಲ ಮುಟ್ಟಲಿಲ್ಲ, ತಿಮ್ಮಪ್ಪಣ್ಣ."

"ಈಗ ನಿಮ್ಮ ಮಾವ ನಡೀತಾರಾ?" ಎಂದು ನಾನು ಕೇಳಿದೆ.

"ಇಲ್ಲ. ಆದರೆ ನೋವಿಲ್ಲ."

ಇವರಿಗೆ ಆ ಮಾತು ಇಷ್ಟವಾಯಿತು. ಜೀವಮಾನವಿಡೀ ನಿಂತ ಮನುಷ್ಯ ಮೊದಲ ಸಲ ಮಲಗಿದ್ದರು. ರುಚಿ ಹತ್ತಿತ್ತು. ಊರುಗೋಲಿನ ಮೇಲೆ ಮಗಳು ನಿಕಿತಾ ಯೂನಿಫಾರ್ಮ್ ಒಣಗಿಸಿದಳು. "ಅಚ್ಛಾ, ನಡಕ್ಕೂ", ಅಪ್ಪಾ ನಡಿ, ಎಂದು ಅವಳು ಮಲಯಾಳದಲ್ಲಿ ಹೇಳಿದರೆ, ತನಗೆ ಮಲಯಾಳ ಅರ್ಥವಾಗುವುದಿಲ್ಲ ಎಂಬ ಹಾಗೆ ಗೋಡೆ ನೋಡುತ್ತಿದ್ದರು. ಅಷ್ಟು ವರ್ಷ ಕೊಚ್ಚಿಯಲ್ಲಿ ಇದ್ದವರು.

ಒಂದು ದಿನ ರಾಯರು ಬಂದರು. ಕಾಲು ನೋಡಿದರು, ಹೊಸ ಪ್ಲಾಸ್ಟರಿನ ಮೇಲೂ ಹುಡುಗರು ಬರೆದಿದ್ದ ಆರ್ಡರುಗಳನ್ನು ಓದಿದರು.

"ರತ್ನಮ್ಮ, ಓಣದವರೆಗೆ ಜಾಗ ಇಟ್ಟಿರ್ತೇನೆ. ತಿರುವನಂತಪುರದಿಂದ ಒಬ್ಬ ಬಂದಿದ್ದಾನೆ, ಸದ್ಯಕ್ಕೆ ಹೊಯ್ತಾ ಇದ್ದಾನೆ."

"ಯಾರು?"

"ಅಲ್ಲಿಯ ಸಾಂಬಾರಿನವ."

ಕಾಲನ್ನು ಎಳೆದವನು ಈಗ ಕಾವಲಿಯ ಮುಂದೆ ನಿಂತಿದ್ದ. ಆ ದಿನ ನಾನು ಜಗಳ ಮಾಡಲಿಲ್ಲ. ಚಹಾ ಮಾಡುವುದನ್ನು ನಿಲ್ಲಿಸಿದೆ.

ಭಾನುವಾರ ಧರಣೇಂದ್ರರು ಬಂದರು, ಹಾರ್ಲಿಕ್ಸ್ ಇಟ್ಟರು, ಕೂತರು. ಮಾವನ ಕಾಲು ಒಂದು ಸುತ್ತು ಮುಗಿಯಿತು. ಒಳಗೆ ನೋಡಿದರು.

"ರತ್ನಕ್ಕ, ಚಹಾ?"

"ಇನ್ನು ಈ ಮನೆಯಲ್ಲಿ ಚಹಾ ಮಾಡುದು ಅವರು. ಕಾಲಿಗೆ ಭಾರ ಬೀಳ್ಬೇಕಂತೆ. ನಿಮಗೆ ಬೇಕಾದ್ರೆ ಅವರತ್ರ ಹೇಳಿ."

"ಛೆ ಛೆ, ಅವರು ಏಳಬಾರದು."

"ಹಾಗಾದ್ರೆ ಬೇಡ."

ಧರಣೇಂದ್ರರು ಕೂತೇ ಇದ್ದರು. ಗಂಟಲು ಸರಿಮಾಡಿದರು. ಮಾವನ ಕಾಲನ್ನು ಇನ್ನೊಮ್ಮೆ ಶುರು ಮಾಡಿ ಅರ್ಧಕ್ಕೆ ಬಿಟ್ಟರು. ಹೊರಗೆ ಮಳೆ ಬೇರೆ ಹಿಡಿದಿತ್ತು, ಹೋಗಲಿಕ್ಕೂ ಆಗಲಿಲ್ಲ.

ಕೊನೆಗೆ ಹೇಳಿದರು: "ತಿಮ್ಮಪ್ಪಣ್ಣ, ಅಲ್ಲ, ಮೆಲ್ಲ... ಗೋಡೆ ಹಿಡ್ಕೊಂಡು... ಒಮ್ಮೆ ಎದ್ದು ನೋಡಿದ್ರೆ ಹೇಗೆ?"

"ನೀವೇ ಬೇಡ ಹೇಳಿದ್ದಲ್ವಾ ಮಾರಾಯ್ರೇ?" ಎಂದರು ಇವರು.

"ನಾನು ಓಡ್ಬೇಡಿ ಹೇಳಿದ್ದು."

ಇವರು ಎದ್ದರು. ಒಂದು ಕೈಯಲ್ಲಿ ಊರುಗೋಲು, ಒಂದು ಕೈ ಗೋಡೆಗೆ. ಮುಖ ಬಿಳಿಚಿತ್ತು. ನಾನು ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದೆ, ಹೋಗಿ ಹಿಡಿಯಲಿಲ್ಲ. ಪ್ಲಾಸ್ಟರಿನ ಕಾಲು ನೆಲ ಮುಟ್ಟಿತು. ಒಲೆಯ ಹತ್ತಿರ ಹೋದರು. ಚಹಾ ಉಕ್ಕಿ ಅರ್ಧ ಚೆಲ್ಲಿತು. ಉಳಿದದ್ದನ್ನು ಧರಣೇಂದ್ರರು ಕುಡಿದು, "ಸಕ್ಕರೆ ಕಡಿಮೆ" ಎಂದರು.

ಆಮೇಲೆ ಬಂದವರೆಲ್ಲ ಇವರನ್ನು ಎಬ್ಬಿಸಿದರು. ನಡೆಯಬಾರದು ಎಂದು ಹೇಳಲಿಕ್ಕೆ ಬಂದವರೂ ಚಹಾಕ್ಕಾಗಿ ಎಬ್ಬಿಸಿದರು. ಓಣಕ್ಕೆ ಮೊದಲು ಪ್ಲಾಸ್ಟರ್ ಹೋಯಿತು. ಕಾವಲಿಯ ಜಾಗ ಸಿಕ್ಕಿತು. ಸಾಂಬಾರಿನವ ಸಾಂಬಾರಿಗೆ ಹೋದ. ಮೂಳೆ ಕೂಡಿದಲ್ಲಿ ಒಂದು ಗಂಟು ಉಳಿಯಿತು. ಸಂಜೆ ನಾನು ಕಾಲು ಒತ್ತುವಾಗ ಅದು ಕೈಗೆ ಸಿಗುತ್ತಿತ್ತು.

"ಅದು ಕೂಡಿದ್ದಲ್ಲ. ಮಾಂಸ ಹಿಡ್ಕೊಂಡದ್ದು. ಯಾವಾಗ ಬೇಕಾದ್ರೂ ಬಿಡ್ತದೆ" ಎನ್ನುತ್ತಿದ್ದರು ಧರಣೇಂದ್ರರು. ಐದು ವರ್ಷ ಹಾಗೆಯೇ ಹೇಳಿದರು. ಐದು ವರ್ಷ ಇವರು ಅದೇ ಕಾಲಿನಲ್ಲಿ ನಿಂತು ದೋಸೆ ಹೊಯ್ದರು, ಮನೆಗೆ ಬಂದವರಿಗೆ ಚಹಾ ಮಾಡಿದರು.

ಕಳೆದ ತಿಂಗಳು ಕೆಲಸ ಮುಗಿಸಿ ಬಂದು ಜಗಲಿಯಲ್ಲಿ ಕೂತವರು ಏಳಲಿಲ್ಲ. ಕೂತೇ ಹೋದರು.

ಚಿತೆಯಿಂದ ಆರಿಸಿದ ಮೂಳೆಗಳನ್ನು ಮೈದುನ ಜಯಣ್ಣ ಮಡಕೆಯಲ್ಲಿ ತಂದ. ಆಲುವಾ ಹೊಳೆಗೆ ಬಿಡುವವರೆಗೆ ಒಳಗೆ ತರಬಾರದು ಎಂದು ಹೊರಗೆ ನುಗ್ಗೆ ಮರಕ್ಕೆ ಕಟ್ಟಿದರು. ಹೆಂಗಸರು ಮುಟ್ಟಬಾರದು ಎಂದರು. ನಾನು ಬಿಚ್ಚಿದೆ. ಬೂದಿಯಲ್ಲಿ ಕೈ ಹಾಕಿ ಹುಡುಕಿದೆ. ಉಳಿದದ್ದೆಲ್ಲ ಚೂರು. ಒಂದು ತುಂಡು ಮಾತ್ರ ಉದ್ದ ಇತ್ತು, ಮಧ್ಯದಲ್ಲಿ ಗಂಟು. ಕಣ್ಣು ಮುಚ್ಚಿದ್ದರೂ ನನಗೆ ಗೊತ್ತಾಗುತ್ತಿತ್ತು. ಅಷ್ಟು ಬೆಂಕಿಯಲ್ಲಿಯೂ ಕೂಡಿದ ಜಾಗ ಬಿಟ್ಟಿರಲಿಲ್ಲ.

ಧರಣೇಂದ್ರರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ಇದು ಕೈಯ ಮೂಳೆ ಇರಬೇಕು" ಎಂದರು.

ನಾನು ಮೂಳೆಯನ್ನು ಮಡಕೆಗೆ ಹಾಕಿದೆ, ಬಟ್ಟೆ ಕಟ್ಟಿದೆ. ಸೂತಕದ ಮನೆಯಲ್ಲಿ ಏನೂ ಕುಡಿಯಬಾರದು ಎಂದು ಬೆಳಿಗ್ಗೆ ಧರಣೇಂದ್ರರೇ ಎಲ್ಲರಿಗೆ ಹೇಳಿದ್ದರು. ಈಗ ಜಗಲಿಯಲ್ಲಿ ಕೂತು ಒಳಗೆ ನೋಡಿದರು.

ಆ ದಿನ ಚಹಾ ನಾನೇ ಮಾಡಬೇಕಾಯಿತು.