ಮೀಸೆರಾಯರ ಬಲಗಡೆಯ ಮೀಸೆ

ಎಂಬತ್ತೆರಡೋ ಎಂಬತ್ತಮೂರೋ, ಸರಿಯಾಗಿ ನೆನಪಿಲ್ಲ. ನನ್ನ ಅಂಗಡಿಗೆ ತಿರುಗುವ ಕುರ್ಚಿ ಬಂದ ವರ್ಷ ಎಂಬುದಂತೂ ಖಂಡಿತ. ಕೊರಟಗೆರೆ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನ ಕಟಿಂಗ್ ಷಾಪು. ಊರಲ್ಲಿ ಇನ್ನೂ ಮೂರು ಅಂಗಡಿಗಳಿದ್ದರೂ ಮದುವೆ ಗಂಡುಗಳು ನನ್ನ ಹತ್ತಿರವೇ ಬರುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ ಅನ್ನಿ. ಕಣ್ಣು ಮುಚ್ಚಿಕೊಂಡು ಕತ್ತರಿ ಆಡಿಸಬಲ್ಲೆ ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ ಕಾಲ ಅದು.

ಕತ್ತರಿ ಬಿಟ್ಟರೆ ನನಗಿದ್ದ ಹುಚ್ಚು ಒಂದೇ, ನಗೆಚಿತ್ರಗಳದ್ದು. ಕಾಯುವ ಗಿರಾಕಿಗಳಿಗೆಂದು ಎರಡು ವಾರಪತ್ರಿಕೆ ತರಿಸುತ್ತಿದ್ದೆ. ಅವರು ಓದುವ ಮೊದಲೇ ನಾನು ಅದರಲ್ಲಿದ್ದ ನಗೆಚಿತ್ರಗಳನ್ನು ಕತ್ತರಿಸಿ ಒಂದು ದಪ್ಪ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಿದ್ದೆ. ಗೊರವನಹಳ್ಳಿಗೆ ಹೋಗುವವರು ಬಸ್ ತಡವಾದಾಗ ಬಂದು ಕೂತು, ಪತ್ರಿಕೆಯ ತೂತಿನಿಂದ ನನ್ನನ್ನೇ ನೋಡಿ, "ಏನಪ್ಪಾ, ಪುಸ್ತಕಕ್ಕೆ ಕಿಟಕಿ ಇಕ್ಕಿದ್ದೀಯ, ಗಾಳಿ ಬರ್ಲಿ ಅಂತಲಾ?" ಎನ್ನುತ್ತಿದ್ದರು.

ಆ ಚಿತ್ರಕಾರರಲ್ಲಿ ಒಬ್ಬರೆಂದರೆ ನನಗೆ ಪ್ರಾಣ. ಅವರ ಹೆಸರು ಇಲ್ಲಿ ಬೇಡ, ನಮ್ಮ ಅಂಗಡಿಯಲ್ಲಿ ನಾವಿಟ್ಟಿದ್ದ ಹೆಸರು ಮೀಸೆರಾಯರು. ಅವರು ಚಿತ್ರದ ಕೆಳಗೆ ಸಹಿ ಹಾಕುತ್ತಿರಲಿಲ್ಲ. ಮೂಲೆಯಲ್ಲಿ ಉಗುರಿನಷ್ಟು ಪುಟ್ಟ ಮನುಷ್ಯನೊಬ್ಬನನ್ನು ಬರೆಯುತ್ತಿದ್ದರು. ಬೋಳುತಲೆ, ದುಂಡು ಕನ್ನಡಕ, ಎರಡೂ ಕೆನ್ನೆ ದಾಟಿ ಹೋಗುವ ಮೀಸೆ. ಅದು ಅವರದೇ ಮುಖ ಎಂದು ಎಲ್ಲರಿಗೂ ಗೊತ್ತಿತ್ತು. ವಾರ ವಾರಕ್ಕೂ ಆ ಪುಟ್ಟ ಮನುಷ್ಯ ಒಂದೊಂದು ಥರ ನಿಂತಿರುತ್ತಿದ್ದ, ಮೀಸೆ ಮಾತ್ರ ಒಂದೇ.

ಒಂದು ದಿನ ಮಧುಗಿರಿಯ ಡ್ರಾಯಿಂಗ್ ಮೇಷ್ಟ್ರು ರುದ್ರಪ್ಪನವರು ಬಸ್ಸಿಗೆ ಕಾಯುತ್ತಾ ಶೇವಿಂಗ್‌ಗೆ ಕೂತರು. ತಮ್ಮೂರಲ್ಲಿ ಎರಡು ದಿನ ನಗೆಚಿತ್ರಕಾರರ ಮೇಳ ಮಾಡುತ್ತಿದ್ದೇವೆ, ಹತ್ತು ಹನ್ನೆರಡು ಜನ ಕಲಾವಿದರು ಬರುತ್ತಾರೆ, ಭಾನುವಾರ ಹನ್ನೊಂದು ಗಂಟೆಗೆ ಮೀಸೆಯವರು ಜನರ ಎದುರಿಗೇ ಚಿತ್ರ ಬರೆಯುತ್ತಾರೆ ಎಂದರು. ಅವರ ಗಲ್ಲದ ಮೇಲೆ ಸೋಪಿನ ನೊರೆ ಹಾಗೇ ಇತ್ತು, ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಭಾನುವಾರ ಅಂಗಡಿ ಮುಚ್ಚುವುದೆಂದರೆ ನಮ್ಮ ಕಸುಬಿನವರಿಗೆ ಹಬ್ಬದ ದಿನ ಒಲೆ ಆರಿಸಿದ ಹಾಗೆ. ಸುತ್ತಲ ಹಳ್ಳಿಯವರೆಲ್ಲ ಬರುವುದು ಅವತ್ತೇ. ನನ್ನ ಹೆಂಡತಿ ಗೋಡೆಯ ಕಡೆ ತಿರುಗಿ ಹೇಳಿದಳು, "ಭಾನುವಾರ ಬಾಗ್ಲು ಹಾಕ್ಕಂಡು ಬೊಂಬೆ ಬರಸ್ಕಂಬರಕ್ಕೆ ಹೋಯ್ತಾರಂತೆ. ಊರೋರು ನಗಲ್ವಾ?"

"ನಗ್ಲಿ ಬುಡು. ನಗೋ ಚಿತ್ರಾನೇ ತಾನೇ ತರೋದು" ಎಂದು ಶನಿವಾರ ಬೆಳಿಗ್ಗೆ ಹೊಸ ನೋಟ್‌ಬುಕ್ಕೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಕಸುಬಿನ ಪೆಟ್ಟಿಗೆಯೂ ಜೊತೆಗಿತ್ತು. ಮಧುಗಿರಿಯಲ್ಲಿ ನನ್ನ ಅಕ್ಕನ ಮನೆ, ಹೋದಾಗಲೆಲ್ಲ ಭಾವನಿಗೆ ಕಟಿಂಗ್ ಮಾಡಿ ಬರುವುದು ವಾಡಿಕೆ.

ಮೇಳ ನಡೆದದ್ದು ಒಂದು ಶಾಲೆಯ ಆವರಣದಲ್ಲಿ. ಸಿರಾ, ಪಾವಗಡ ಕಡೆಯಿಂದಲೂ ಜನ ಬಂದಿದ್ದರು. ಬಾಗಿಲಲ್ಲಿ ಮೇಷ್ಟ್ರು ದೊಡ್ಡ ಬಟ್ಟೆಯ ಮೇಲೆ ಒಂದು ಕನ್ನಡಕ, ಒಂದು ಮೀಸೆ ಇಷ್ಟೇ ಬರೆಸಿ ಕಟ್ಟಿದ್ದರು. ಯಾರು ಬರುತ್ತಾರೆಂದು ತಿಳಿಯಲು ಅಷ್ಟು ಸಾಕಾಗಿತ್ತು. ಆದರೆ ಚಿತ್ರ ಬರೆಸಿಕೊಳ್ಳುವುದು ನಾನು ತಿಳಿದಷ್ಟು ಸುಲಭವಿರಲಿಲ್ಲ. ಕಾಲೇಜು ಹುಡುಗರು ಕಲಾವಿದರನ್ನು ಮುತ್ತಿಕೊಂಡಿದ್ದರು. ಮೊಣಕೈಯಲ್ಲಿ ತಿವಿದು ಒಳಗೆ ನುಗ್ಗಿದರೆ ಸಿಗುತ್ತಿದ್ದದ್ದು ಬರೀ ಸಹಿ. ಮಧ್ಯಾಹ್ನದ ಹೊತ್ತಿಗೆ ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಸಹಿ, ಸೊನ್ನೆ ಚಿತ್ರ.

ನಾಲ್ಕು ಗಂಟೆಗೆ ಕಲಾವಿದರು ಬೆಟ್ಟ ಹತ್ತಿ ಇಳಿದು ಸುಸ್ತಾಗಿ ಅವರು ಇಳಿದುಕೊಂಡಿದ್ದ ಛತ್ರದ ಜಗಲಿಯಲ್ಲಿ ಕೂತಿದ್ದರು. ನಾನು ಹಿಂದೆಯೇ ಹೋಗಿದ್ದೆ. ಒಬ್ಬರು ಗಡ್ಡ ಸವರಿಕೊಂಡು, "ಇಲ್ಲಿ ಶೇವಿಂಗ್‌ಗೆ ಎಲ್ಲಿಗೆ ಹೋಗಬೇಕು?" ಎಂದು ಯಾರನ್ನೋ ಕೇಳಿದರು.

"ಎಲ್ಲಿಗೂ ಹೋಗ್ಬ್ಯಾಡಿ ಸಾರ್" ಅಂದೆ. ಪೆಟ್ಟಿಗೆ ಬಿಚ್ಚಿ ಅವರ ಮುಂದೆ ಇಟ್ಟೆ. "ದುಡ್ಡೇನೂ ಬ್ಯಾಡ. ಒಂದು ಚಿತ್ರ ಬರ್ಕೊಡಿ ಸಾಕು."

ಅವರು ನಕ್ಕು ಕೂತೇಬಿಟ್ಟರು. ಕಂಬದ ಮೊಳೆಗೆ ಕನ್ನಡಿ ನೇತುಹಾಕಿದೆ. ಒಬ್ಬರದು ಮುಗಿಯುವ ಹೊತ್ತಿಗೆ ಇನ್ನಿಬ್ಬರು ಸರದಿಯಲ್ಲಿ ನಿಂತರು. ಗಡ್ಡಕ್ಕೊಂದು ಚಿತ್ರ, ಕಟಿಂಗ್ ಆದರೆ ಎರಡು ಚಿತ್ರ, ಇದು ನನ್ನ ರೇಟು. ಬೆಳಿಗ್ಗೆ ನನ್ನನ್ನು ದಬ್ಬಿದ್ದ ಕಾಲೇಜು ಹುಡುಗರು ದೂರದಲ್ಲಿ ನಿಂತು ಬಾಯಿಬಾಯಿ ಬಿಟ್ಟು ನೋಡುತ್ತಿದ್ದರು. ಅವತ್ತು ಸಂಜೆಗೆ ಹತ್ತು ಚಿತ್ರಗಳಾದವು. ಅಕ್ಕನ ಮನೆಯಲ್ಲಿ ಭಾವನಿಗೆ ಅವನ್ನು ತೋರಿಸಿ ತೋರಿಸಿ, ಅವನ ಕಟಿಂಗ್ ಮರೆತೇಹೋಯಿತು.

ಭಾನುವಾರ ಬೆಳಿಗ್ಗೆ ಮತ್ತೆ ಛತ್ರದ ಜಗಲಿಯಲ್ಲೇ ಪೆಟ್ಟಿಗೆ ಬಿಚ್ಚಿ ಕೂತಿದ್ದೆ, ಒಂಬತ್ತಕ್ಕೆ ಮೀಸೆರಾಯರು ಬಂದರು. ಚಿತ್ರದಲ್ಲಿ ಇದ್ದ ಹಾಗೇ ಇದ್ದರು, ಸ್ವಲ್ಪ ಎತ್ತರ ಅಷ್ಟೇ. ಹಿಂದಿನ ದಿನದ ಸುದ್ದಿ ಅವರಿಗೂ ಮುಟ್ಟಿತ್ತು. "ಇಲ್ಲಿ ಗಡ್ಡ ಕೊಟ್ಟು ಚಿತ್ರ ಕೊಡಬೇಕಂತೆ?" ಎನ್ನುತ್ತಾ ತಾವಾಗಿಯೇ ನನ್ನ ಮುಂದೆ ಕೂತರು. ನನ್ನ ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಳೆ ತಿರುಗಿಸುತ್ತಾ ಒಂದೊಂದಕ್ಕೂ ತಲೆದೂಗುತ್ತಿದ್ದರು.

ಗಡ್ಡ ಮುಗಿಯಿತು. "ಮೀಸೆ ಬಲಗಡೆ ಸ್ವಲ್ಪ ಉದ್ದ ಆಗಿದೆ, ತುದಿ ಸಮ ಮಾಡಿ" ಎಂದರು. ನಾನು ಬಾಚಣಿಗೆ, ಕತ್ತರಿ ತೆಗೆದುಕೊಂಡೆ. ಅವರು ಜೇಬಿನಿಂದ ಪೆನ್ಸಿಲ್ ತೆಗೆದು, ಕಂಬದ ಕನ್ನಡಿಯನ್ನು ಆಗಾಗ ನೋಡುತ್ತಾ, ಖಾಲಿ ಹಾಳೆಯ ಮೇಲೆ ಏನೋ ಗೀಚತೊಡಗಿದರು. ನಾನು ನೋಡಬಾರದಿತ್ತು. ಓರೆಗಣ್ಣಲ್ಲಿ ನೋಡಿದೆ. ಮೊದಲು ಹುಬ್ಬು ಬಂತು, ಆಮೇಲೆ ಎರಡು ಕಣ್ಣು, ಆಮೇಲೆ ನನ್ನ ಮೊಂಡು ಮೂಗು. ನನ್ನನ್ನೇ ಬರೆಯುತ್ತಿದ್ದಾರೆ! ಎದೆ ಉಬ್ಬಿಹೋಯಿತು.

ಕಚಕ್ಕನೆ ಸದ್ದಾಯಿತು.

ಬಲಗಡೆಯ ಮೀಸೆ ಬುಡದ ಹತ್ತಿರದಿಂದಲೇ ಕತ್ತರಿಸಿಹೋಗಿ, ನೋಟ್‌ಬುಕ್ಕಿನಲ್ಲಿದ್ದ ನನ್ನ ಮೂಗಿನ ಕೆಳಗೆ ಬಂದು ಬಿತ್ತು. ಅವರ ಪೆನ್ಸಿಲ್ ನಿಂತಿತು. ಕನ್ನಡಿಯಲ್ಲಿ ಬಹಳ ಹೊತ್ತು ತಮ್ಮ ಮುಖ ನೋಡಿಕೊಂಡರು.

"ಎಡಗಡೆ ಇದೆ ತಾನೇ?" ಎಂದರು.

"ಐತೆ ಸ್ವಾಮಿ. ಎಡಗಡೇದು ಪೂರ್ತಿ ಐತೆ" ಅಂದೆ.

ಅಷ್ಟರಲ್ಲಿ ರುದ್ರಪ್ಪ ಮೇಷ್ಟ್ರು ಕಾಫಿ ಹಿಡಿದು ಬಂದವರು ಲೋಟ ಹಾಗೇ ಕೆಳಗಿಟ್ಟರು. "ಏನಯ್ಯಾ ಮಾಡ್ಬುಟ್ಟೆ! ಹನ್ನೊಂದು ಗಂಟೆಗೆ ಇವರನ್ನ ಸ್ಟೇಜ್ ಮೇಲೆ ಕೂರಿಸ್ಬೇಕು ಕಣಯ್ಯಾ! ಅವರ ತಂದೆ ಇನ್ನೂ ಬದುಕವ್ರೆ, ಗೊತ್ತಾ ನಿಂಗೆ?"

ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆ ತಂದೆ ಹೋದಾಗ ಮೀಸೆ ತೆಗೆಯುತ್ತಾರೆ. ತಂದೆ ಇರುವವರು ಮೀಸೆ ಬೋಳಿಸು ಎಂದರೆ ನಾನೇ ಅಂಗಡಿಯಿಂದ ವಾಪಸು ಕಳಿಸಿದ್ದುಂಟು. ಈಗ ಈ ಸುದ್ದಿ ಮೊದಲ ಬಸ್ಸಿಗೇ ಕೊರಟಗೆರೆ ತಲುಪುತ್ತದೆ. ಇಷ್ಟು ದೊಡ್ಡ ಮನುಷ್ಯರ ಮೀಸೆ ಕಳೆದವನ ಕುರ್ಚಿಯಲ್ಲಿ ಇನ್ನು ಯಾವ ಮದುವೆ ಗಂಡು ಕೂರುತ್ತಾನೆ? ಅಂಗಡಿ, ಕುರ್ಚಿ, ಹೆಂಡತಿಯ ಮುಖ ಎಲ್ಲವೂ ಕಣ್ಣ ಮುಂದೆ ಬಂದವು. ಹೇಳಬಾರದ ಮಾತು ಆಗ ಹೇಳಿದೆ.

"ಅವ್ರೇ ಮುಖ ಅಲ್ಲಾಡ್ಸಿದ್ರು ಸಾರ್" ಅಂದೆ.

ಮೇಷ್ಟ್ರು ರಾಯರ ಕಡೆ ತಿರುಗಿದರು. ರಾಯರು ನನ್ನನ್ನು ಒಂದು ಸಲ ನೋಡಿ, "ಹೌದು ಮೇಷ್ಟ್ರೇ. ನಾನೇ ಅಲ್ಲಾಡಿದೆ. ಕತ್ತರಿ ಕೆಳಗೆ ಕೂತು ಚಿತ್ರ ಗೀಚ್ತಾರಾ ಯಾರಾದ್ರೂ?" ಎಂದರು. ಆಮೇಲೆ ನನಗೆ, "ಇದನ್ನೂ ತೆಗೆದುಬಿಡಿ. ಅರ್ಧ ಇಟ್ಟುಕೊಂಡು ಏನು ಮಾಡಲಿ" ಎಂದರು.

ಹದಿನೈದು ವರ್ಷದ ಕಸುಬಿನಲ್ಲಿ ನನ್ನ ಕೈ ನಡುಗಿದ್ದು ಅವತ್ತೊಂದೇ ದಿನ. ಅವರು ನನ್ನ ಮಣಿಕಟ್ಟು ಹಿಡಿದು, "ನಿಧಾನ, ಮೂಗು ನನಗೆ ಬೇಕು" ಎಂದಾಗ ಸುತ್ತಲಿದ್ದ ಕಲಾವಿದರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಮುಗಿದ ಕೂಡಲೇ ಪೆಟ್ಟಿಗೆ, ನೋಟ್‌ಬುಕ್ಕು ಎತ್ತಿಕೊಂಡು ಬಸ್ಸಿಗೆ ಹೋಗಿಬಿಡಬೇಕೆಂದಿದ್ದೆ. ಆದರೆ ಕಾಲು ಶಾಲೆಯ ಕಡೆಗೇ ಹೋಯಿತು. ಏನಾಗುತ್ತದೋ ನೋಡದೆ ಊರಿಗೆ ಹೋಗುವ ಧೈರ್ಯವೂ ಇರಲಿಲ್ಲ.

ಬಾಗಿಲಲ್ಲಿದ್ದ ಸ್ವಯಂಸೇವಕ ರಾಯರ ಗುರುತೇ ಹಿಡಿಯದೆ, "ಕಲಾವಿದ್ರಿಗೆ ಮಾತ್ರ ಸಾರ್ ಇಲ್ಲಿ, ಆ ಕಡೆಯಿಂದ ಬನ್ನಿ" ಎಂದು ತಡೆದ. ಅವನ ತಲೆಯ ಮೇಲೆಯೇ ಬಟ್ಟೆಯಲ್ಲಿ ಆ ಮೀಸೆ ಗಾಳಿಗೆ ಆಡುತ್ತಿತ್ತು. ಮೇಷ್ಟ್ರು ಓಡಿಬಂದು ಒಳಗೆ ಕರೆದುಕೊಂಡು ಹೋದರು. ರಾಯರು ವೇದಿಕೆ ಹತ್ತಿದಾಗ ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ನನ್ನ ಮುಂದಿದ್ದ ಪಾವಗಡದ ಕಡೆಯ ಒಬ್ಬರು ಪಕ್ಕದವರನ್ನು ಅರ್ಧ ತೆಲುಗಿನಲ್ಲಿ, "ಮೀಸಾಲ ಆಯನ ಏಡಪ್ಪಾ? ಮೀಸೆಯೋರು ಬರ್ಲಿಲ್ವಾ?" ಎಂದು ಕೇಳುತ್ತಿದ್ದರು. ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕದಿಂದ ಗುರುತು ಹಿಡಿದು ಎದ್ದೇ ನಿಂತರು. "ಸ್ವಾಮಿ, ಮನೇಲಿ ಯಾರು ತೀರ್ಕಂಡ್ರು?"

ನಾನು ಹಿಂದಿನ ಕಂಬದ ಮರೆಗೆ ಸರಿದೆ.

ರಾಯರು ನೇರ ಕಪ್ಪು ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣದಲ್ಲಿ ಆ ಪುಟ್ಟ ಮನುಷ್ಯನನ್ನು ಆಳುದ್ದ ಬರೆದರು. ತಲೆ, ಕನ್ನಡಕ, ಕೊನೆಗೆ ಮೀಸೆ. ಈಗ ಜನಕ್ಕೆ ಯಾರೆಂದು ತಿಳಿದು ಚಪ್ಪಾಳೆ ಜೋರಾಯಿತು. ಚಪ್ಪಾಳೆ ನಿಲ್ಲುವ ಮೊದಲೇ ಒರೆಸುವ ಬಟ್ಟೆ ತೆಗೆದುಕೊಂಡು ಒಂದೇ ಏಟಿಗೆ ಬಲಗಡೆಯ ಮೀಸೆ ಒರೆಸಿದರು. ಆಮೇಲೆ ಎಡಗಡೆಯದನ್ನು. ಕೈ ಕೊಡವಿಕೊಂಡು ಸಭೆಯ ಕಡೆ ತಿರುಗಿದರು.

"ನಮ್ಮಪ್ಪ ಚೆನ್ನಾಗಿದ್ದಾರೆ. ತೀರಿಕೊಂಡದ್ದು ಮೀಸೆ ಮಾತ್ರ. ಕತ್ತರಿ ಹಿಡಿದವರ ಕೈ ಒಳ್ಳೆಯ ಕೈ, ಈ ಮೂತಿ ಸುಮ್ಮನೆ ಕೂರಲಿಲ್ಲ."

ಸಭೆಯ ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ಮೊದಲು ನಕ್ಕವರು ಎದ್ದು ನಿಂತಿದ್ದ ಆ ಹಿರಿಯರೇ. ಮುಂದೆ ಒಂದು ಗಂಟೆ ರಾಯರು ಬರೆದದ್ದೆಲ್ಲ ಮೀಸೆಯ ಚಿತ್ರಗಳೇ. ಕಾಣೆಯಾದ ಮೀಸೆ ಹುಡುಕಿಕೊಂಡು ಪೊಲೀಸರು ಹೋದದ್ದು, ಮೀಸೆ ಬಸ್ ಹತ್ತಿ ಟಿಕೆಟ್ ಕೇಳಿದ್ದು, ಹೀಗೇ. ನಾನು ಹತ್ತಿರ ಹೋಗಿ ಮಾತಾಡಿಸಲಿಲ್ಲ. ಅರ್ಧಕ್ಕೆ ನಿಂತ ಚಿತ್ರ ಪೂರ್ತಿ ಮಾಡಿಕೊಡಿ ಎಂದು ಕೇಳುವ ಮುಖ ನನಗಿರಲಿಲ್ಲ. ಬಸ್ಸಿನಲ್ಲಿ ಕೂತಾಗ, ಅವರು ನಿಜವಾಗಿಯೂ ತಾವೇ ಅಲ್ಲಾಡಿದೆವೆಂದು ತಿಳಿದಿರಬೇಕು, ದೇವರು ದೊಡ್ಡವನು ಎಂದುಕೊಂಡೆ.

ಕೊರಟಗೆರೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಸುದ್ದಿಯೂ ಬರಲಿಲ್ಲ, ಯಾಕೆಂದರೆ ರಾಯರು ಕತ್ತರಿ ಹಿಡಿದವನ ಹೆಸರು, ಊರು ಯಾವುದನ್ನೂ ಹೇಳಿರಲಿಲ್ಲ. ಆದರೆ ಎರಡು ವಾರ ಕಳೆದು ಪತ್ರಿಕೆ ಬಂದಾಗ ಮೂಲೆಯ ಪುಟ್ಟ ಮನುಷ್ಯನಿಗೆ ಮೀಸೆ ಇರಲಿಲ್ಲ! ಅಂಗಡಿಯಲ್ಲಿ ದೊಡ್ಡ ಚರ್ಚೆಯಾಯಿತು. ಕುರಿ ಸಾಕುವ ಈರಣ್ಣಜ್ಜ, "ಪಾಪ, ಅವರಪ್ಪ ಹೋಗ್ಬುಟ್ರೇನೋ ಕಣ್ಲಾ" ಎಂದು ಲೊಚಗುಟ್ಟಿದ. "ಇಲ್ಲ ಬುಡಜ್ಜ, ಚೆನ್ನಾಗವ್ರೆ" ಎಂದು ಬಾಯಿ ತಪ್ಪಿ ಹೇಳಿದೆ. "ನಿಂಗೆಂಗ್ಲಾ ಗೊತ್ತು?" ಎಂದ. ಕತ್ತರಿ ಸಾಣೆ ಹಿಡಿಯುವ ನೆಪದಲ್ಲಿ ಎದ್ದು ಹೋದೆ.

ಮುಂದಿನ ವಾರ ಮೂಗಿನ ಕೆಳಗೆ ನಾಲ್ಕು ಚುಕ್ಕೆ. ಅದರ ಮುಂದಿನ ವಾರ ಎಳೆ ಹುಡುಗರಿಗೆ ಬರುವಂಥ ತೆಳು ಗೆರೆ. ಹೀಗೆ ವಾರ ವಾರವೂ ಮೀಸೆ ಬೆಳೆಯಿತು. ಗಿರಾಕಿಗಳು ನಗೆಚಿತ್ರ ಬಿಟ್ಟು ಮೊದಲು ಮೂಲೆ ನೋಡುತ್ತಿದ್ದರು. ನಾನು ಪ್ರತಿ ವಾರ ಆ ಪುಟ್ಟ ಮುಖ ಕತ್ತರಿಸಿ, ಸಾಲಾಗಿ ಅಂಟಿಸಿ ಇಟ್ಟುಕೊಂಡೆ. ಊರಲ್ಲಿ ಯಾರಿಗೂ ಗೊತ್ತಿಲ್ಲದ ಕಾಗದವೊಂದು ವಾರಕ್ಕೊಮ್ಮೆ ನನಗೇ ಬರುತ್ತಿದ್ದ ಹಾಗೆ ಅನ್ನಿಸುತ್ತಿತ್ತು.

ಮೀಸೆ ಕೆನ್ನೆ ದಾಟಿ ಪೂರ್ತಿಯಾದ ವಾರ ಮೂಲೆಯಲ್ಲಿ ಇಬ್ಬರಿದ್ದರು. ಒಬ್ಬ ಎಂದಿನ ಪುಟ್ಟ ಮನುಷ್ಯ, ಕುರ್ಚಿಯ ಮೇಲೆ ಕೂತು ಏನೋ ಬರೆಯುತ್ತಿದ್ದ. ಅವನ ಪಕ್ಕದಲ್ಲಿ ಮೊಂಡು ಮೂಗಿನ ಇನ್ನೊಬ್ಬ, ಕೈಯಲ್ಲಿ ಕತ್ತರಿ. ಕತ್ತರಿ ಇದ್ದದ್ದು ಮೀಸೆಯ ಮೇಲೆ, ಕತ್ತರಿ ಹಿಡಿದವನ ಕಣ್ಣು ಇದ್ದದ್ದು ಪುಸ್ತಕದ ಮೇಲೆ.

ಒಳಗೆ ಹೋಗಿ ಮೇಳದ ನೋಟ್‌ಬುಕ್ಕು ತೆಗೆದು ಆ ಅರ್ಧ ಚಿತ್ರ ನೋಡಿದೆ. ಎಷ್ಟೋ ಸಲ ನೋಡಿದ್ದರೂ ನೋಡದೆ ಬಿಟ್ಟಿದ್ದು ಆಗ ಕಂಡಿತು. ಅಲ್ಲಿಯೂ ನನ್ನ ಎರಡು ಕಣ್ಣುಗುಡ್ಡೆಗಳು ಮೂಲೆಗೆ ಸರಿದು ಕೆಳಗೆ ನೋಡುತ್ತಿದ್ದವು. ಕನ್ನಡಿಯಲ್ಲಿ ಕಂಡದ್ದನ್ನು ಅವರು ಕಂಡ ಹಾಗೇ ಬರೆದಿದ್ದರು. ನನ್ನ ಕಣ್ಣು ಎಲ್ಲಿದೆಯೆಂದು ಕತ್ತರಿ ಬೀಳುವ ಮೊದಲೇ ಅವರಿಗೆ ಗೊತ್ತಿತ್ತು. ನಾನು ಸುಳ್ಳು ಹೇಳಿದಾಗಲೂ ಗೊತ್ತಿತ್ತು. ಗೊತ್ತಿದ್ದೇ "ಹೌದು, ನಾನೇ ಅಲ್ಲಾಡಿದೆ" ಎಂದಿದ್ದರು.

ಅವತ್ತು ಭಾನುವಾರ. ಅಂಗಡಿ ತುಂಬ ಜನ. ಕುರ್ಚಿಯಲ್ಲಿ ಕೂತಿದ್ದವರು ಹೊಳವನಹಳ್ಳಿಯ ಗೌಡರು, ಅವರಿಗೂ ಒಳ್ಳೆಯ ಮೀಸೆ. ನಾನು ನೋಟ್‌ಬುಕ್ಕು, ಪತ್ರಿಕೆ ಎರಡನ್ನೂ ತಂದು ಎಲ್ಲರ ಮುಂದೆ ಹಿಡಿದು ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. "ಅವ್ರು ಅಲ್ಲಾಡ್ಲಿಲ್ಲ. ನಾನೇ ನೋಡ್ತಿದ್ದೆ. ಸುಳ್ಳು ಹೇಳ್ಬುಟ್ಟೆ" ಅಂದೆ. ಹೋಗುವವರು ಹೋಗಲಿ ಎಂದು ಬಾಗಿಲ ಕಡೆಗೂ ನೋಡಿದೆ.

ಈರಣ್ಣಜ್ಜ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು, "ಥೂ, ನಿನ್ ಮೂಗೇ ಕಣ್ಲಾ ಇದು!" ಎಂದ. ಗೌಡರು ಎರಡೂ ಅಂಗೈಯಿಂದ ತಮ್ಮ ಮೀಸೆ ಮುಚ್ಚಿಕೊಂಡರು. ಆದರೆ ಕುರ್ಚಿಯಿಂದ ಏಳಲಿಲ್ಲ. ಆಮೇಲೆ ಕೈ ತೆಗೆದು, "ಆ ಪುಸ್ತಕ ಅತ್ಲಾಗಿ ಮಡಗು. ಈಗ ಮಾಡು" ಎಂದರು.

ನನ್ನ ಕೈ ನಡುಗಲಿಲ್ಲ.