ಧೂಳು ಕೂರದ ಬೆರಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಧೂಳಕ್ಕ ಕುಂಚ ಹಿಡಿದು ನಿಂತಿದ್ದಾರೆ, ಮುಖ ಮಾತ್ರ ಗೋಡೆಯ ಕಡೆಗೆ. ಎದುರಿಗಿರುವುದು ಎಂಟುನೂರು ವರ್ಷ ಹಳೆಯ ದೇವಾಲಯದ ಹೊರಗೋಡೆಯಿಂದ ಬಂದ ಮಿಥುನ ಶಿಲ್ಪಗಳು. ಅಪ್ಪಿಕೊಂಡವರು, ಮುತ್ತಿಡುವವರು, ಅದಕ್ಕೂ ಮುಂದೆ ಹೋದವರು. ಈ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾದರೂ ಇವರು ನೇರ ನೋಡುವುದಿಲ್ಲ, ತಡವಿಕೊಂಡೇ ಒರೆಸುತ್ತಾರೆ.

“ಗಂಡ ಹೆಂಡ್ತಿ ಇರೋ ಕೋಣೇಲಿ ಕಣ್ಣು ಬಿಟ್ಕೊಂಡು ನಿಂತ್ಕೊಳ್ಳೋಕಾಗುತ್ತಾ, ನೀವೇ ಹೇಳಿ?”

ದಿನಕ್ಕೆ ನಲವತ್ತು ಕಲ್ಲು. ಮುನ್ನೂರ ಹನ್ನೆರಡೂ ಮುಗಿಯುವಷ್ಟರಲ್ಲಿ ಮೊದಲನೆಯದರ ಮೇಲೆ ಮತ್ತೆ ಧೂಳು. ಕೆಮ್ಮು ಅಂಟಿಕೊಂಡಿದೆ, ಮಂಡಿ ಮಾತು ಕೇಳುವುದಿಲ್ಲ. ಮಗಳು ಬೀಗರ ಮುಂದೆ “ಅಮ್ಮ ಆಫೀಸಲ್ಲಿದ್ದಾರೆ” ಎಂದಷ್ಟೇ ಹೇಳಿ ಮಾತು ಮುಗಿಸುತ್ತಾಳಂತೆ. ಇವರ ಬಗ್ಗೆ ಬರೆಯಲು ಬಂದ ನನಗೆ ಅದನ್ನು ಕೇಳಿ ಸಿಟ್ಟು ಬಂತು; ಧೂಳಕ್ಕನಿಗೆ ನಗು.

ಇಲ್ಲೊಂದು ಒಂಟಿ ಹೆಣ್ಣಿನ ಶಿಲ್ಪವಿದೆ. ಎರಡೂ ಕೈ ತಲೆಯ ಮೇಲೆತ್ತಿದ ಅವಳು ದಾಖಲೆಯಲ್ಲಿ ‘ನರ್ತಕಿ’. ಸೊಂಟದ ಮೇಲಿನ ಸವೆದ ಐದು ಉಬ್ಬುಗಳನ್ನು ಪಂಡಿತರು ‘ಸೊಂಟಪಟ್ಟಿ’ ಎಂದು ಬರೆದಿದ್ದಾರೆ. ಕಳೆದ ತಿಂಗಳು ಅವಳನ್ನು ದೂರದ ಊರೊಂದಕ್ಕೆ ಶಾಶ್ವತವಾಗಿ ಕೊಟ್ಟುಬಿಡುವುದೆಂದು ತೀರ್ಮಾನವಾಯಿತು. ಎಂದೂ ಇಲ್ಲದ್ದು, ಧೂಳಕ್ಕ ಮುಖ್ಯಸ್ಥರ ಕೋಣೆಗೆ ಹೋದರು.

“ಸರ್, ಅದು ಸೊಂಟಪಟ್ಟಿ ಅಲ್ಲ, ಬೆರಳು. ಗಂಡಸಿನ ಬೆರಳು. ಇಷ್ಟು ವರ್ಷದಿಂದ ಮುಟ್ತಿದ್ದೀನಲ್ಲ, ನಂಗೊತ್ತು. ಮೈಯೆಲ್ಲ ಧೂಳಿದ್ರೂ ಅಲ್ಲಿ ಮಾತ್ರ ಕೂರಲ್ಲ. ಕಲ್ಲೆಲ್ಲ ತಣ್ಣಗೆ, ಅಲ್ಲಿ ಬೆಚ್ಚಗೆ.”

ಮುಖ್ಯಸ್ಥರು ನಕ್ಕರಂತೆ. “ಹಾಗಾದ್ರೆ ಆ ಕೈ ಯಾರದ್ದಮ್ಮ?”

“ಆಚೆ ಮೂಲೇಲಿ ಮುಂಗೈ ಇಲ್ಲದೋನು ಒಬ್ಬ ಇದ್ದಾನಲ್ಲ ಸರ್, ಅವನದ್ದು. ಇಪ್ಪತ್ತು ಹೆಜ್ಜೆ ದೂರ ಅಷ್ಟೇ. ಅವಳನ್ನ ಕಳಿಸಿದ್ರೆ ಅವನ ಕೈಯೂ ಹೋಗಿಬಿಡುತ್ತೆ.”

ಲಾರಿ ಬಂದು ನಿಂತ ಬೆಳಿಗ್ಗೆ, ಇವರ ಕಾಟ ತಾಳಲಾರದೆ, ಗಂಡಿನ ಶಿಲ್ಪವನ್ನು ಕೈಗಾಡಿಯಲ್ಲಿ ಅವಳ ಬಳಿಗೆ ತಳ್ಳಿ ತಂದರು. ಇನ್ನೊಂದು ಮೊಳ ಇದೆ ಎನ್ನುವಾಗ, ನಾಲ್ಕು ಜನ ಹಿಡಿದಿದ್ದ ಗಾಡಿ ಕೈತಪ್ಪಿ ತಾನೇ ಮುಂದೆ ಸರಿಯಿತು. ಅಲ್ಲಿ ನೆಲ ಸಮತಟ್ಟಾಗಿದೆ, ನಾನೇ ನೋಡಿದ್ದೇನೆ. ಅವಳ ಸೊಂಟದ ಮೇಲಿದ್ದ ಕೈ ಅವನ ತುಂಡಾದ ತೋಳಿಗೆ ಕೂತಾಗ ನಡುವೆ ಕೂದಲೂ ತೂರುವಂತಿರಲಿಲ್ಲ. ಮುಖ್ಯಸ್ಥರು ಲಾರಿಯನ್ನು ಖಾಲಿ ಕಳಿಸಿದರು.

ದಾಖಲೆಯಲ್ಲಿ ಈಗ ‘ದಂಪತಿ’ ಎಂದಿದೆ. ಗುರುತಿಸಿದವರ ಜಾಗದಲ್ಲಿ ಪಂಡಿತರ ಹೆಸರಿದೆ. ಬೇಸರವಿಲ್ಲವೇ ಎಂದು ಕೇಳಿದೆ.

“ಹೆಸರು ತಗೊಂಡು ಏನ್ ಮಾಡ್ಲಿ? ಅವರು ಬೇರೆ ಆಗೋಕೆ ಬಿಡ್ಲಿಲ್ಲ, ಸಾಕು. ಈಗ ಬೆಳಿಗ್ಗೆ ಬಾಗಿಲು ತಟ್ಟಿ, ಸ್ವಲ್ಪ ಹೊತ್ತು ಹೊರಗೇ ನಿಂತು, ಆಮೇಲೆ ಒಳಗೆ ಹೋಗ್ತೀನಿ.”

“ನಿಲ್ಲೋದ್ಯಾಕೆ?”

“ಅವರ ಮಾತು ಮುಗೀಬೇಕಲ್ಲ.”